ಉತ್ತಮ ಪುರುಷದ ಮಾತು: ಕ್ಯಾನ್ಸರ್ ಪೀಡಿತರ ಹಾಸಿಗೆಯ ಬಳಿ ‘ಸಾಲ್ವಿಫಿಚಿ ದೊಲೋರಿಸ್’ – ಒಂದು ವಿಮರ್ಶಾತ್ಮಕ ಮರುವಾಚನ

ಜಗದ್ಗುರು ಸಂತ ಎರಡನೆಯ ಜಾನ್ ಪಾಲರು 1984ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಸ್ಮರಣೆಯ ದಿನ, ‘ಸಾಲ್ವಿಫಿಚಿ ದೊಲೋರಿಸ್’ ಎಂಬ ಪ್ರೇಷಿತ ಪತ್ರವನ್ನು ಹೊರಡಿಸಿದರು. ಯಾತನೆಯ ರಕ್ಷಣಾದಾಯಕ ಅರ್ಥವನ್ನು ಕುರಿತ ಈ ಪತ್ರ ನಮ್ಮ ಗುರುಮಠಗಳಲ್ಲಿ ರೋಗಿಗಳ ಪಾಲನಾಸೇವೆಯ ಪಾಠಕ್ಕೆ ಆಧಾರಗ್ರಂಥವಾಗಿದೆ. ಅಭ್ಯರ್ಥಿಗಳು ಇದರ ಸಾರಾಂಶವನ್ನು ಪರೀಕ್ಷೆಗೆ ಬರೆಯುತ್ತಾರೆ. ಗುರುಗಳಾದ ಮೇಲೆ ಆ ಸಾರಾಂಶದ ಸಾರಾಂಶವನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯುತ್ತಾರೆ. ಅಲ್ಲಿಗೆ ತಲುಪುವಷ್ಟರಲ್ಲಿ ಮೂವತ್ತೊಂದು ವಿಭಾಗಗಳ ಆ ಗಂಭೀರ ಚಿಂತನೆ ಒಂದೇ ವಾಕ್ಯವಾಗಿ ಉಳಿದಿರುತ್ತದೆ: ನಿಮ್ಮ ನೋವನ್ನು ಕ್ರಿಸ್ತರ ನೋವಿನೊಡನೆ ಸೇರಿಸಿ ಒಪ್ಪಿಸಿಬಿಡಿ.

ಈ ಲೇಖನ ಎತ್ತುವ ಪ್ರಶ್ನೆ ಒಂದೇ. ಕ್ಯಾನ್ಸರಿನಿಂದ ಬಳಲಿ, ತನ್ನ ಬದುಕನ್ನು ತಾನೇ ಮುಗಿಸಿಕೊಳ್ಳುವ ಯೋಚನೆಗೆ ಬಂದಿರುವ ವ್ಯಕ್ತಿಗೆ ಈ ಪತ್ರ ನೆರವಾಗುತ್ತದೆಯೇ, ಅಥವಾ ಅವರ ಬಾಯಿ ಮುಚ್ಚಿಸುತ್ತದೆಯೇ? ಪತ್ರ ನೆರವಾಗಬಲ್ಲದು, ನಾವು ಅದನ್ನು ಓದುತ್ತಿರುವ ಕ್ರಮ ನೆರವಾಗುತ್ತಿಲ್ಲ ಎಂಬುದು ನನ್ನ ನಿಲುವು. ನಮ್ಮ ಈ ಓದಿಗೆ ಪತ್ರವೂ ಸ್ವಲ್ಪಮಟ್ಟಿಗೆ ಕಾರಣವಾಗಿದೆ ಎಂಬುದನ್ನು ಗೌರವಪೂರ್ವಕವಾಗಿಯೇ ಹೇಳಬೇಕಾಗಿದೆ.

ಒಂದು ಭೇಟಿ

ಈ ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಗುರುದೀಕ್ಷೆ ಪಡೆದು ಮೂರು ವರ್ಷವೂ ತುಂಬಿರದ ಕಾಲದಲ್ಲಿ, ನಾನಿದ್ದ ಧರ್ಮಕೇಂದ್ರದ ಒಬ್ಬ ಗೃಹಸ್ಥರು ಬಾಯಿ ಕ್ಯಾನ್ಸರಿಗೆ ತುತ್ತಾಗಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಒಂದು ಭಾಗವನ್ನು ತೆಗೆದಿದ್ದರು. ಮಾತು ತೊದಲುತ್ತಿತ್ತು, ಊಟ ಮೂಗಿಗೆ ಹಾಕಿದ್ದ ನಳಿಕೆಯ ಮೂಲಕ ನಡೆಯುತ್ತಿತ್ತು. ನಾನು ಆಶೀರ್ವಾದಕ್ಕೆಂದು ಹೋದಾಗ ಅವರು, “ಫಾದರ್, ಸಾಕಾಗಿದೆ. ಇವರಿಗೆಲ್ಲ ನಾನೊಂದು ಭಾರ” ಎಂದರು. ಅದು ಪಾಪನಿವೇದನೆಯ ಸಂದರ್ಭವಾಗಿರಲಿಲ್ಲ. ಮನೆಯವರೂ ಪಕ್ಕದಲ್ಲೇ ಇದ್ದರು. ನಾನು ಕಲಿತಿದ್ದ ಪಾಠವನ್ನು ಒಪ್ಪಿಸಿದೆ. ಶಿಲುಬೆಯ ಮೇಲಿನ ಪ್ರಭುವನ್ನು ನೆನಪಿಸಿದೆ; ಈ ನೋವು ವ್ಯರ್ಥವಲ್ಲ, ಇದನ್ನು ಧರ್ಮಸಭೆಗಾಗಿ ಒಪ್ಪಿಸಿ ಎಂದೆ. ಅವರು ತಲೆಬಾಗಿ “ಆಗಲಿ ಫಾದರ್” ಎಂದರು. ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಿಂದ ನಾನು ಹೊರಬಂದೆ.

ಅದೇ ವಾರ ಅವರು ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ಅವರ ಪತ್ನಿ ಸಕಾಲಕ್ಕೆ ಕಂಡದ್ದರಿಂದ ಉಳಿದರು. ಆ ಬಳಿಕವಷ್ಟೇ ನೋವು ಶಮನದ ವೈದ್ಯರೊಬ್ಬರು ಅವರನ್ನು ನೋಡಿ ಮಾರ್ಫಿನ್ ಆರಂಭಿಸಿದರು. ಖಿನ್ನತೆಗೂ ಚಿಕಿತ್ಸೆ ನಡೆಯಿತು. ನೋವು ಹಿಡಿತಕ್ಕೆ ಬಂದು, ರಾತ್ರಿ ನಿದ್ದೆ ಬರತೊಡಗಿದ ಮೇಲೆ ಒಂದು ದಿನ ಅವರು ನನ್ನನ್ನು ಕರೆಸಿಕೊಂಡು ಹೇಳಿದರು: “ಅವತ್ತು ‘ಸಾಕಾಗಿದೆ ಅಂದ್ರೇನು’ ಅಂತ ಒಂದು ಮಾತು ಕೇಳಿದ್ದರೆ ಎಲ್ಲಾ ಹೇಳಿಬಿಡ್ತಿದ್ದೆ ಫಾದರ್. ನೀವು ಯೇಸುಸ್ವಾಮಿ ಮಾತು ತಂದ ಮೇಲೆ ನಾನೇನು ಹೇಳೋದು?” ಇದನ್ನು ಬೇರೆ ಗುರುಗಳಿಗೂ ತಿಳಿಸಿ ಎಂದು ಅವರೇ ಹೇಳಿದರು. ಮುಂದೆ ಕೆಲವು ತಿಂಗಳು ಬದುಕಿದ್ದು, ಮನೆಯಲ್ಲೇ, ತಮ್ಮವರ ನಡುವೆ ಪ್ರಭುವಿನಲ್ಲಿ ನಿದ್ರಿಸಿದರು. ನಾನು ಆ ದಿನ ಹೇಳಿದ್ದರಲ್ಲಿ ಸುಳ್ಳಾದ ಸಿದ್ಧಾಂತ ಒಂದೂ ಇರಲಿಲ್ಲ. ಆದರೂ ಅದು ಅವರ ಬಾಯಿ ಮುಚ್ಚಿಸಿತು. ಇದು ಹೇಗಾಯಿತು ಎಂದು ಹುಡುಕುತ್ತ ಪತ್ರವನ್ನು ಮತ್ತೆ ಓದಿದೆ.

ಪತ್ರದ ವಿನ್ಯಾಸ ಮತ್ತು ಬಲ

ಪತ್ರ ಬರೆದ ಕೈ ನೋವನ್ನು ಅರಿಯದ ಕೈಯಲ್ಲ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಗುಂಡೇಟು ತಿಂದು, ದೀರ್ಘಕಾಲ ಆಸ್ಪತ್ರೆಯಲ್ಲಿದ್ದವರು ಬರೆದ ಪತ್ರ ಇದು. ಎಂಟು ಅಧ್ಯಾಯಗಳ ಈ ರಚನೆ ಕೊಲೊಸ್ಸೆಯರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದ 24ನೆಯ ವಚನದಿಂದ ಆರಂಭವಾಗುತ್ತದೆ. ಮಾನವಯಾತನೆಯ ಜಗತ್ತು, ಅದರ ಅರ್ಥದ ಹುಡುಕಾಟ, ಪ್ರೀತಿಯಿಂದ ಯಾತನೆಯನ್ನು ಗೆದ್ದ ಕ್ರಿಸ್ತರು, ಅವರ ಯಾತನೆಯಲ್ಲಿ ನಮ್ಮ ಪಾಲು, ಯಾತನೆಯ ಶುಭಸಂದೇಶ ಎಂಬ ಮೆಟ್ಟಿಲುಗಳನ್ನೇರಿ, ಏಳನೆಯ ಅಧ್ಯಾಯದಲ್ಲಿ ದಯಾಳು ಸಮಾರ್ಯನ ಸಾಮತಿಗೆ ಬಂದು ನಿಲ್ಲುತ್ತದೆ.

ಇದರ ಬಲಗಳನ್ನು ಮೊದಲು ಗುರುತಿಸೋಣ. ಯೋಬನ ಗೆಳೆಯರ ವಾದವನ್ನು ಪತ್ರ ಖಚಿತವಾಗಿ ತಳ್ಳಿಹಾಕುತ್ತದೆ: ಎಲ್ಲ ನೋವೂ ಪಾಪಕ್ಕೆ ದಂಡನೆಯಲ್ಲ, ನಿರಪರಾಧಿಯೂ ನರಳುತ್ತಾನೆ. ‘ಯಾವ ಪಾಪಕ್ಕೆ ಈ ರೋಗವೋ’ ಎಂಬ ಮಾತು ನಮ್ಮ ಕ್ರೈಸ್ತ ಮನೆಗಳಲ್ಲೂ ಇನ್ನೂ ಕೇಳಿಬರುತ್ತಿರುವಾಗ ಈ ಬೋಧನೆ ಅಮೂಲ್ಯ. ‘ಏಕೆ’ ಎಂದು ದೇವರನ್ನು ಕೇಳುವ ಹಕ್ಕು ಮನುಷ್ಯನಿಗಿದೆ, ದೇವರು ಆ ಪ್ರಶ್ನೆಯನ್ನು ಆಲಿಸುತ್ತಾರೆ ಎಂದೂ ಪತ್ರ ಒಪ್ಪುತ್ತದೆ. ಕ್ರಿಸ್ತರ ವಿಮೋಚನಾ ಕಾರ್ಯದಲ್ಲಿ ಕೊರತೆಯೇನೂ ಇಲ್ಲ, ಅವರೇ ಪ್ರೀತಿಯಿಂದ ಅದರಲ್ಲಿ ನಮಗೆ ಸ್ಥಳ ಬಿಟ್ಟಿದ್ದಾರೆ ಎಂದು ವಿವರಿಸಿ, ಪೌಲರ ಕಠಿಣ ವಚನವು ಲೆಕ್ಕಾಚಾರದ ಮಾತಾಗದಂತೆ ಕಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು 26ನೆಯ ವಿಭಾಗದಲ್ಲಿದೆ. ಯಾತನೆಯ ಅರ್ಥ ಹೊರಗಿನಿಂದ ಸಿಗುವ ಸಿದ್ಧ ಉತ್ತರವಲ್ಲ. ಅದು ಶಿಲುಬೆಗೇರಿದ ಪ್ರಭುವಿನೊಡನೆ ರೋಗಿ ನಡೆಸುವ ಒಳಗಿನ ಸಂವಾದದಲ್ಲಿ ಮೂಡುತ್ತದೆ. ಅದಕ್ಕೆ ಬಹಳ ಕಾಲ ಹಿಡಿಯಬಹುದು ಎಂದು ಜಗದ್ಗುರುಗಳು ಒಪ್ಪುತ್ತಾರೆ. ಈ ವಿಭಾಗವನ್ನು ನಾನು ಗುರುಮಠದಲ್ಲಿ ಓದಿದ್ದೆ. ಆ ಹಾಸಿಗೆಯ ಬಳಿ ನನಗದು ನೆನಪಾಗಲಿಲ್ಲ.

ವ್ಯಾಕರಣ ತಪ್ಪಿದ ಬೋಧನೆ

ಪೌಲರ ಆ ವಚನವನ್ನು ವ್ಯಾಕರಣದ ದೃಷ್ಟಿಯಿಂದ ನೋಡಿ. ಅದು ಉತ್ತಮ ಪುರುಷದಲ್ಲಿದೆ: ಸೆರೆವಾಸ ಅನುಭವಿಸುತ್ತಿರುವವನು ‘ನಾನು’ ಎಂದು ಹೇಳುತ್ತಾನೆ. ತನ್ನ ಸಂಕಟದಲ್ಲಿ ತಾನು ಕಂಡುಕೊಂಡ ಸಂತೋಷವನ್ನು ತಾನೇ ಸಾರುತ್ತಾನೆ. ಅವನ ಸಂಕಟಕ್ಕೆ ಬೇರೊಬ್ಬರು ಅರ್ಥ ಹೇಳುತ್ತಿಲ್ಲ. ಅವನೂ ಬೇರೊಬ್ಬರ ಸಂಕಟಕ್ಕೆ ಅರ್ಥ ಹೇಳುತ್ತಿಲ್ಲ. ನಾವು ಮಾಡುವುದು ಈ ಮಾತನ್ನು ಮಧ್ಯಮ ಪುರುಷಕ್ಕೆ ತಿರುಗಿಸುವುದು: ‘ನೀವು ಸಂತೋಷಿಸಿ’, ‘ನೀವು ಒಪ್ಪಿಸಿ’. ಪುರುಷ ಬದಲಾದೊಡನೆ ಸಾಕ್ಷ್ಯವಾಗಿದ್ದದ್ದು ಅಪ್ಪಣೆಯಾಗುತ್ತದೆ. ಆರೋಗ್ಯವಂತನೊಬ್ಬ, ಮಧ್ಯಾಹ್ನದ ಊಟ ಮುಗಿಸಿ ಬಂದು, ನಳಿಕೆಯಲ್ಲಿ ಗಂಜಿ ಕುಡಿಯುತ್ತಿರುವವನಿಗೆ ಆ ಅಪ್ಪಣೆ ನೀಡುತ್ತಾನೆ.

ಈ ತಿರುವಿನ ಪರಿಣಾಮ ಗಂಭೀರವಾದುದು. ಅಪ್ಪಣೆಗೆ ಉತ್ತರ ಎರಡೇ: ವಿಧೇಯತೆ ಅಥವಾ ಅವಿಧೇಯತೆ. ಸಾಯಬೇಕೆನಿಸುತ್ತಿದೆ ಎಂದು ಈಗ ಹೇಳಿದರೆ ಅದು ಅವಿಧೇಯತೆಯಾಗಿ, ಅವಿಶ್ವಾಸವಾಗಿ ಕಾಣುತ್ತದೆ ಎಂದು ರೋಗಿ ಭಾವಿಸುತ್ತಾರೆ. ರೋಗದ ನೋವಿನ ಮೇಲೆ, ಆ ನೋವನ್ನು ಸಂತರಂತೆ ಹೊರಲಾಗದ ಅಪರಾಧಪ್ರಜ್ಞೆ ಕೂಡಿಕೊಳ್ಳುತ್ತದೆ. ಆ ಮೇಲೆ ಅವರು ನಮಗೆ ‘ಆಗಲಿ ಫಾದರ್’ ಎನ್ನುತ್ತಾರೆ. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ.

ತಮ್ಮ ನೋವನ್ನು ಒಪ್ಪಿಸುವುದರಲ್ಲಿ ನಿಜವಾದ ಬಲ ಕಂಡುಕೊಂಡ ರೋಗಿಗಳು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ ಎಂದು ಆಕ್ಷೇಪಿಸಬಹುದು. ಇದ್ದಾರೆ; ಜಪಸರ ಹಿಡಿದ ಅಂಥ ಅಜ್ಜಿಯರಿಂದ ನಾನು ಕಲಿತದ್ದು ಪುಸ್ತಕಗಳಿಂದ ಕಲಿತದ್ದಕ್ಕಿಂತ ಹೆಚ್ಚು. ಆದರೆ ಅವರೆಲ್ಲ ಆ ಮಾತನ್ನು ಉತ್ತಮ ಪುರುಷದಲ್ಲಿ ಆಡುತ್ತಾರೆ. ಅವರು ಆಡಿದಾಗ ನಾವು ‘ಆಮೆನ್’ ಎನ್ನಬೇಕು. ಅವರು ಆಡುವ ಮೊದಲೇ ಅವರ ಬಾಯಲ್ಲಿ ಅದನ್ನು ಇಡಬಾರದು.

ಪತ್ರ ಮುಟ್ಟಿ ಮುಂದೆ ಸಾಗದ ಜಾಗ

ಹೊಣೆಯೆಲ್ಲ ಓದುಗರದೇ ಅಲ್ಲ ಎಂದೆ. ಪತ್ರದ 27ನೆಯ ವಿಭಾಗದಲ್ಲಿ ಒಂದು ಅಪೂರ್ವ ಒಳನೋಟವಿದೆ. ಯಾತನೆ ನಿಷ್ಪ್ರಯೋಜಕ ಎಂಬ ಭಾವನೆ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ತಾನು ಇತರರಿಗೆ ಹೊರೆ, ಅವರ ನೆರವನ್ನು ಪಡೆಯುತ್ತಲೇ ಇರಬೇಕಾದ ಶಿಕ್ಷೆಗೆ ಗುರಿಯಾದವನು ಎಂದು ಅವನಿಗೆ ಅನಿಸುತ್ತದೆ ಎಂದು ಜಗದ್ಗುರುಗಳು ಗುರುತಿಸುತ್ತಾರೆ. ಇದಾದ ಎರಡು ದಶಕಗಳ ಮೇಲೆ, 2005ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ ಆತ್ಮಹತ್ಯೆಯನ್ನು ಕುರಿತ ತಮ್ಮ ಸಿದ್ಧಾಂತವನ್ನು ಮಂಡಿಸಿದಾಗ, ಸಾವಿನ ಬಯಕೆಗೆ ಎರಡು ಬೇರುಗಳನ್ನು ಗುರುತಿಸಿದರು: ತಾನು ಇತರರಿಗೆ ಹೊರೆ ಎಂಬ ಭಾವನೆ ಮತ್ತು ತಾನು ಯಾರಿಗೂ ಸೇರಿದವನಲ್ಲ ಎಂಬ ಭಾವನೆ. ಮೊದಲನೆಯದನ್ನು ಪತ್ರ ಅಷ್ಟು ಮೊದಲೇ ಕಂಡಿತ್ತು.

ಕಂಡ ಮೇಲೆ ಪತ್ರ ಏನು ಮಾಡಿತು? ಹೊರೆಯೆಂಬ ಭಾವನೆಗೆ ಅದು ಕೊಡುವ ಉತ್ತರ ಒಂದೇ: ಕ್ರಿಸ್ತರ ಯಾತನೆಯಲ್ಲಿ ಪಾಲ್ಗೊಳ್ಳುವವನು ಇತರರ ರಕ್ಷಣೆಗೆ ಸೇವೆ ಸಲ್ಲಿಸುತ್ತಿದ್ದಾನೆ, ಆದ್ದರಿಂದ ಅವನು ನಿಷ್ಪ್ರಯೋಜಕನಲ್ಲ. ಉತ್ತರ ಸತ್ಯವೇ. ಆದರೆ ಅದು ಉಪಯೋಗದ ತಕ್ಕಡಿಯನ್ನು ಉಳಿಸಿಕೊಂಡೇ, ಒಂದು ತಟ್ಟೆಯಲ್ಲಿ ಆತ್ಮಿಕ ಉಪಯೋಗವನ್ನು ಇಡುತ್ತದೆ. ಏನೂ ಒಪ್ಪಿಸಲಾರದಷ್ಟು ಬಳಲಿದವನ ಗತಿಯೇನು? ಪ್ರಾರ್ಥಿಸಲೂ ಆಗದ, ಔಷಧದ ಮಂಪರಿನಲ್ಲಿರುವ, ದೇವರ ಮೇಲೆ ಕೋಪಗೊಂಡಿರುವ ರೋಗಿಯ ಬೆಲೆಯೇನು? ನಮ್ಮ ಶ್ರದ್ಧೆಯ ಪ್ರಕಾರ ಅವನ ಬೆಲೆ ಅವನು ನೀಡುವ ಯಾವುದರಿಂದಲೂ ಬಂದದ್ದಲ್ಲ. ಅವನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು ಎಂಬುದರಿಂದ ಬಂದದ್ದು. ಹೊರೆಯ ಮಾತಿಗೆ ಮೊದಲ ಉತ್ತರ ಇದಾಗಬೇಕಿತ್ತು.

ಎರಡನೆಯ ಕೊರತೆ ವಿಂಗಡಣೆಯದು. ಐದನೆಯ ವಿಭಾಗ ಯಾತನೆಯನ್ನು ದೈಹಿಕ ಮತ್ತು ನೈತಿಕ ಎಂದು ಎರಡಾಗಿ ಬಿಡಿಸುತ್ತದೆ. ಲಂಡನ್ನಿನಲ್ಲಿ 1967ರಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಹಾಸ್ಪೈಸನ್ನು ತೆರೆದ ಸಿಸಿಲಿ ಸಾಂಡರ್ಸ್ ಅಷ್ಟು ಹೊತ್ತಿಗಾಗಲೇ ‘ಸಮಗ್ರ ನೋವು’ ಎಂಬ ಕಲ್ಪನೆಯನ್ನು ಮುಂದಿಟ್ಟಿದ್ದರು: ದೈಹಿಕ, ಮಾನಸಿಕ, ಸಾಮಾಜಿಕ, ಆತ್ಮಿಕ ನೋವುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ದಾದಿಯಾಗಿ, ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ದುಡಿದ ಈ ಆಂಗ್ಲಿಕನ್ ವಿಶ್ವಾಸಿಗೆ ಇದು ರೋಗಿಗಳಿಂದಲೇ ತಿಳಿದುಬಂದದ್ದು. ಚಿಕಿತ್ಸೆಗೆ ಹೊಲ ಮಾರಿದ ಚಿಂತೆ, ವಿಕಾರಗೊಂಡ ಮುಖದ ನಾಚಿಕೆ, ಮದುವೆಯಾಗದ ಮಗಳ ಯೋಚನೆ, ರಾತ್ರಿಯ ನೋವು ಇವೆಲ್ಲ ಸೇರಿ ಒಂದೇ ಗಂಟು. ಈ ಗಂಟನ್ನು ದೈಹಿಕ, ನೈತಿಕ ಎಂದು ಎರಡಾಗಿ ಕತ್ತರಿಸಿದಾಗ ಒಂದು ಭಾಗ ವೈದ್ಯರಿಗೂ ಇನ್ನೊಂದು ಗುರುವಿಗೂ ಹೋಗುತ್ತದೆ. ಸಾಯಬೇಕೆಂಬ ಬಯಕೆ ನಡುವಿನ ಬಿರುಕಿನಲ್ಲಿ ಬಿದ್ದುಹೋಗುತ್ತದೆ. ಆ ಬಯಕೆಗೆ ಪತ್ರದಲ್ಲಿಯೂ ಪ್ರತ್ಯೇಕ ವಿವೇಚನೆ ದೊರೆತಿಲ್ಲ.

ದೊರೆಯಬಹುದಿತ್ತು ಎಂಬುದಕ್ಕೆ ಆಧಾರವಿದೆ. ನಾಲ್ಕೇ ವರ್ಷಗಳ ಹಿಂದೆ, 1980ರ ಮೇ 5ರಂದು, ವಿಶ್ವಾಸ ಸಿದ್ಧಾಂತ ಆಯೋಗ ದಯಾಮರಣವನ್ನು ಕುರಿತು ಹೊರಡಿಸಿದ ಘೋಷಣೆಯಲ್ಲಿ, ತೀವ್ರ ರೋಗಿಗಳು ಸಾವನ್ನು ಬೇಡುವಾಗ ಅದು ಬಹುತೇಕ ಯಾವಾಗಲೂ ನೆರವಿಗಾಗಿ, ಪ್ರೀತಿಗಾಗಿ ಇಡುವ ಮೊರೆ ಎಂದು ಸ್ಪಷ್ಟಪಡಿಸಿತ್ತು. ಸಾವಿನ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದಕ್ಕೆ ಧರ್ಮಸಭೆಯಲ್ಲೇ ಒಂದು ಸೂತ್ರವಿತ್ತು. 1984ರ ಪತ್ರ ಆ ಸೂತ್ರವನ್ನು ಮುಂದೆ ಬೆಳೆಸಲಿಲ್ಲ.

ವೈದ್ಯರ ಸಾಕ್ಷ್ಯ

ಈ ಬಯಕೆಯ ಬಗ್ಗೆ ವೈದ್ಯಶಾಸ್ತ್ರ ಕಂಡುಕೊಂಡದ್ದನ್ನು ನಾವು ತಿಳಿದಿರಬೇಕು. ಮೊದಲಿಗೆ, ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನ ಆತ್ಮಹತ್ಯೆಗೆ ಹೋಗುವುದಿಲ್ಲ. ಆದರೂ ಅಪಾಯ ಉಳಿದವರಿಗಿಂತ ಹೆಚ್ಚು. ಅಮೆರಿಕದ ಕ್ಯಾನ್ಸರ್ ನೋಂದಣಿಗಳ 1973ರಿಂದ 2002ರವರೆಗಿನ ದಾಖಲೆಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾನ್ಸರ್ ಪೀಡಿತರ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರದಕ್ಕಿಂತ ಸುಮಾರು ಎರಡರಷ್ಟಿತ್ತು. ಶ್ವಾಸಕೋಶ, ಜಠರ, ಬಾಯಿ ಮತ್ತು ಗಂಟಲಿನ ಕ್ಯಾನ್ಸರುಗಳಲ್ಲಿ ಅದು ಇನ್ನೂ ಹೆಚ್ಚು. ತಂಬಾಕು ಜಗಿಯುವ ನಮ್ಮ ನಾಡಿನಲ್ಲಿ ಬಾಯಿ ಕ್ಯಾನ್ಸರ್ ಎಷ್ಟು ವ್ಯಾಪಕವೆಂಬುದನ್ನು ಯಾವ ಧರ್ಮಕೇಂದ್ರದ ಗುರುವಿಗೂ ಹೇಳಬೇಕಾಗಿಲ್ಲ.

ಸ್ವೀಡನ್ನಿನಲ್ಲಿ 1991ರಿಂದ 2006ರವರೆಗೆ 60 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ನೇರವಾದ ಪಾಠ ಹೇಳುತ್ತದೆ. ಕ್ಯಾನ್ಸರ್ ಇಲ್ಲದವರಿಗೆ ಹೋಲಿಸಿದರೆ, ರೋಗವಿದೆಯೆಂದು ತಿಳಿದ ಮೊದಲ ವಾರದಲ್ಲಿ ಆತ್ಮಹತ್ಯೆಯ ಅಪಾಯ ಸುಮಾರು 12.6 ಪಟ್ಟು, ಮೊದಲ ವರ್ಷದಲ್ಲಿ 3.1 ಪಟ್ಟು ಇತ್ತು. ಅಂದರೆ ಅಪಾಯ ತುದಿಮುಟ್ಟುವುದು ಕೊನೆಯ ದಿನಗಳಲ್ಲಲ್ಲ, ಸುದ್ದಿ ತಿಳಿದ ದಿನಗಳಲ್ಲಿ. ನಾವೋ ಕರೆಬಂದಾಗ, ಬಹಳ ಸಲ ಕೊನೆಯ ಗಳಿಗೆಯಲ್ಲಿ, ಹೋಗುತ್ತೇವೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ರೋಗಿಗಳ ಅಭ್ಯಂಗವು ಸಾಯುವವರಿಗಷ್ಟೇ ಮೀಸಲಾದ ಸಂಸ್ಕಾರವಲ್ಲ ಎಂದು ಸಾರಿತು. ಜಗದ್ಗುರು ಆರನೆಯ ಪಾಲರು 1972ರಲ್ಲಿ ಅದರ ವಿಧಿಯನ್ನು ಪರಿಷ್ಕರಿಸಿದರು. ಆದರೂ ನಮ್ಮ ಊರುಗಳಲ್ಲಿ ಗುರು ಎಣ್ಣೆಯ ಪೆಟ್ಟಿಗೆ ಹಿಡಿದು ಬಂದರೆ ‘ಇನ್ನು ಮುಗಿಯಿತು’ ಎಂದೇ ಅರ್ಥ. ಆ ಅರ್ಥವನ್ನು ನಾವೇ ಉಳಿಸಿಕೊಂಡು ಬಂದಿದ್ದೇವೆ.

ಸಾವಿನ ಬಯಕೆಯ ಸ್ವರೂಪದ ಬಗ್ಗೆ ಕೆನಡಾದ ಹಾರ್ವೆ ಚೊಚಿನೊವ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಕೊನೆಯ ಹಂತದ 200 ರೋಗಿಗಳಲ್ಲಿ ಸಾವನ್ನು ಗಂಭೀರವಾಗಿ, ಸತತವಾಗಿ ಬಯಸುತ್ತಿದ್ದವರು ಶೇ. 8.5. ಹಾಗೆ ಬಯಸಿದವರಲ್ಲಿ ಶೇ. 58.8 ಮಂದಿಗೆ ಖಿನ್ನತೆಯಿತ್ತು, ಬಯಸದವರಲ್ಲಿ ಶೇ. 7.7 ಮಂದಿಗೆ ಮಾತ್ರ. ನೋವು ಮತ್ತು ಕುಟುಂಬದ ಆಸರೆಯ ಕೊರತೆಗಳೂ ಆ ಬಯಕೆಯೊಡನೆ ಕೂಡಿಬಂದಿದ್ದವು. ಖಿನ್ನತೆಗೆ ಚಿಕಿತ್ಸೆಯಿದೆ, ನೋವಿಗೆ ಚಿಕಿತ್ಸೆಯಿದೆ. ಇವೆರಡಕ್ಕೂ ಚಿಕಿತ್ಸೆ ಸಿಗದಿರುವಾಗ ಅರ್ಥದ ಉಪದೇಶ ನೀಡುವುದು, ಗಾಯಕ್ಕೆ ಕಟ್ಟು ಹಾಕದೆ ಪ್ರವಚನ ಮಾಡಿದಂತೆ. ಜೆರಿಕೊ ದಾರಿಯಲ್ಲಿ ಸಮಾರ್ಯನು ಮೊದಲು ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದನು; ಉಪದೇಶ ಮಾಡಿದನೆಂದು ಲೂಕನು ಬರೆದಿಲ್ಲ.

ಪವಿತ್ರ ಗ್ರಂಥದಲ್ಲಿ ಸಾವನ್ನು ಬೇಡಿದವರು

ಪತ್ರ ಯೋಬನನ್ನು ವಿಸ್ತಾರವಾಗಿ ಚರ್ಚಿಸಿದರೂ ಅವನ ಮೂರನೆಯ ಅಧ್ಯಾಯದ ಕೂಗನ್ನು, ಹುಟ್ಟಿದ ದಿನವನ್ನೇ ಶಪಿಸಿ ಸಾವಿಗಾಗಿ ಹಂಬಲಿಸುವ ಆ ಕೂಗನ್ನು, ಅರ್ಥದ ಪ್ರಶ್ನೆಯ ಹಿನ್ನೆಲೆಯಾಗಿ ಮಾತ್ರ ಕಾಣುತ್ತದೆ. ಆದರೆ ಸಾವನ್ನು ಬೇಡಿದವರ ಸಾಲು ಪವಿತ್ರ ಗ್ರಂಥದಲ್ಲಿ ದೊಡ್ಡದು: ಮೋಶೆ, ಎಲೀಯ, ಯೋನ, ಯೆರೆಮೀಯ, ತೋಬಿತ, ಸಾರಾ. ದೇವರು ಅವರಿಗೆ ಹೇಗೆ ಉತ್ತರಿಸಿದರು ಎಂಬುದನ್ನು ಒಟ್ಟಾಗಿ ಓದಬೇಕು.

ಮರುಭೂಮಿಯ ಗಿಡದ ಕೆಳಗೆ ಮಲಗಿ ಸಾವನ್ನು ಬೇಡಿದ ಎಲೀಯನಿಗೆ ದೇವದೂತನು ಗದರಲಿಲ್ಲ, ಬೋಧಿಸಲೂ ಇಲ್ಲ. ಅವನಿಗೆ ನಿದ್ದೆ ದೊರೆಯಿತು; ಕೆಂಡದ ಮೇಲೆ ಸುಟ್ಟ ರೊಟ್ಟಿ ದೊರೆಯಿತು, ನೀರು ದೊರೆಯಿತು; ಮತ್ತೆ ನಿದ್ದೆ, ಮತ್ತೆ ಊಟ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೂತನು ಒಪ್ಪಿಕೊಂಡನು. ದೇವರ ಸೂಕ್ಷ್ಮ ಧ್ವನಿ ಅವನಿಗೆ ಕೇಳಿಸಿದ್ದು ನಲವತ್ತು ದಿನಗಳ ಬಳಿಕ, ಹೋರೇಬಿನಲ್ಲಿ. ಅದೂ ‘ಇಲ್ಲೇನು ಮಾಡುತ್ತಿರುವೆ’ ಎಂಬ ಪ್ರಶ್ನೆಯಾಗಿ.

ತೋಬಿತನ ಗ್ರಂಥದ ಮೂರನೆಯ ಅಧ್ಯಾಯ ಇನ್ನೂ ಮನಮುಟ್ಟುವಂಥದು. ಕಣ್ಣು ಕಳೆದುಕೊಂಡ ತೋಬಿತನು ನಿನೆವೆಯಲ್ಲಿ ಸಾವನ್ನು ಬೇಡುತ್ತಾನೆ. ಅದೇ ದಿನ, ಬಹುದೂರದ ಎಕ್ಬತಾನದಲ್ಲಿ, ನಿಂದೆಗೆ ಗುರಿಯಾದ ಸಾರಾ ತನ್ನ ಪ್ರಾಣ ಕಳೆದುಕೊಳ್ಳಲು ಯೋಚಿಸುತ್ತಾಳೆ. ಮುದಿತಂದೆಗೆ ಆಗುವ ದುಃಖವನ್ನು ನೆನೆದು ಹಿಂಜರಿದು, ಪ್ರಾರ್ಥನೆಗೆ ತಿರುಗುತ್ತಾಳೆ. ತಾನು ಇನ್ನೂ ಒಬ್ಬರಿಗೆ ಸೇರಿದವಳು ಎಂಬ ಎಳೆ ಅವಳನ್ನು ಹಿಡಿದು ನಿಲ್ಲಿಸಿತು. ಇಬ್ಬರ ಮೊರೆಯೂ ಒಂದೇ ಗಳಿಗೆಯಲ್ಲಿ ದೇವರ ಸನ್ನಿಧಿಯನ್ನು ಮುಟ್ಟಿತು. ಇಬ್ಬರನ್ನೂ ಗುಣಪಡಿಸಲು ರಫಾಯೆಲನು ಕಳುಹಿಸಲ್ಪಟ್ಟನು. ಸಾವಿನ ಬೇಡಿಕೆಯನ್ನು ದೇವರು ಪ್ರಾರ್ಥನೆಯೆಂದೇ ಸ್ವೀಕರಿಸಿದರು ಮತ್ತು ಬೇಡಿದ್ದನ್ನು ಕೊಡದೆ, ಜೊತೆಗೆ ನಡೆಯುವ ಒಬ್ಬನನ್ನು ಕೊಟ್ಟರು. ನಮ್ಮ ಪಾಲನಾಸೇವೆಗೆ ಇದಕ್ಕಿಂತ ಉತ್ತಮ ಮಾದರಿಯನ್ನು ನಾನು ಅರಿಯೆ.

ನೋವು ಶಮನ ಮತ್ತು ವಿಶ್ವಾಸ

ನಮ್ಮ ಜನರಲ್ಲಿ, ಕೆಲವು ಗುರುಗಳಲ್ಲಿಯೂ, ಮಾರ್ಫಿನ್ ಬಗ್ಗೆ ಅಳುಕಿದೆ: ಅದು ಸಾವನ್ನು ಬೇಗ ತರುತ್ತದೆ, ಚಟ ಹಿಡಿಸುತ್ತದೆ, ನೋವನ್ನು ತಾಳುವುದೇ ಹೆಚ್ಚಿನ ಪುಣ್ಯ. ಜಗದ್ಗುರು ಹನ್ನೆರಡನೆಯ ಪಿಯುಸರು 1957ರ ಫೆಬ್ರವರಿಯಲ್ಲಿ ಅರಿವಳಿಕೆ ತಜ್ಞರಿಗೆ ನೀಡಿದ ಉತ್ತರದಲ್ಲೇ, ಬೇರೆ ದಾರಿಯಿಲ್ಲದಿದ್ದಾಗ ನೋವು ಶಮನಕ್ಕೆ ಇಂಥ ಔಷಧ ನೀಡುವುದು ನ್ಯಾಯಸಮ್ಮತವೆಂದು ಹೇಳಿದ್ದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥ ಉಪಶಾಮಕ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ವಿಶೇಷ ರೂಪವೆಂದು ಕರೆದು ಪ್ರೋತ್ಸಾಹಿಸುತ್ತದೆ. ನೋವನ್ನು ಔಷಧವಿಲ್ಲದೆ ತಾಳಲು ಯಾರಾದರೂ ಸ್ವತಃ ಬಯಸಿದರೆ ಅದು ಅವರ ಆಯ್ಕೆ. ಅದನ್ನು ಎಲ್ಲರ ಮೇಲೂ ಹೇರಲಾಗದೆಂಬುದೂ ಧರ್ಮಸಭೆಯ ಬೋಧನೆಯೇ. ಇಲ್ಲಿಯೂ ಅದೇ ವ್ಯಾಕರಣ: ಉತ್ತಮ ಪುರುಷದಲ್ಲಿ ಅದು ಅರ್ಪಣೆ, ಮಧ್ಯಮ ಪುರುಷದಲ್ಲಿ ಕ್ರೌರ್ಯ.

ಭಾರತದಲ್ಲಿ 1985ರ ಮಾದಕ ದ್ರವ್ಯ ಕಾಯಿದೆಯ ಬಿಗಿಯಿಂದಾಗಿ ಮಾರ್ಫಿನ್ ಸಿಗುವುದೇ ದುರ್ಲಭವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕೋಡಿನಲ್ಲಿ ಆರಂಭವಾದ ನೋವು ಶಮನ ಚಿಕಿತ್ಸಾಲಯ, ಊರಿನ ಸ್ವಯಂಸೇವಕರೇ ರೋಗಿಯ ಮನೆಗೆ ಹೋಗುವ ಒಂದು ಚಳುವಳಿಯಾಗಿ ಬೆಳೆಯಿತು. ಬೆಂಗಳೂರಿನ ಕರುಣಾಶ್ರಯ ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತ ಬಂದಿದೆ. ತನ್ನ ಧರ್ಮಕೇಂದ್ರಕ್ಕೆ ಹತ್ತಿರದಲ್ಲಿ ಮಾರ್ಫಿನ್ ಎಲ್ಲಿ ಸಿಗುತ್ತದೆ ಎಂಬುದನ್ನು ತಿಳಿದಿರುವುದು ಗುರುವಿನ ಆತ್ಮಿಕ ಕರ್ತವ್ಯಗಳಲ್ಲಿ ಒಂದು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಮೊದಲು ನಗುತ್ತಾರೆ, ಆಸ್ಪತ್ರೆಗೆ ಹೋಗಿಬಂದ ಮೇಲೆ ನಗುವುದಿಲ್ಲ.

ಗುಣವಾಗುವ ಭರವಸೆಯಿಲ್ಲದಾಗ ಇನ್ನೊಂದು ಸುತ್ತು ಕೀಮೋಥೆರಪಿ ಬೇಡವೆನ್ನುವ ರೋಗಿಯನ್ನು ಆತ್ಮಹತ್ಯೆಯ ಪಾಪಕ್ಕೆ ಗುರಿಮಾಡುವುದೂ ತಪ್ಪು. ಮಿತಿಮೀರಿದ ಚಿಕಿತ್ಸೆಯನ್ನು ಬಿಡುವುದು ಸಾವನ್ನು ಬರಮಾಡಿಕೊಂಡಂತಲ್ಲ, ಅದನ್ನು ತಡೆಯಲಾಗದೆಂದು ಒಪ್ಪಿಕೊಂಡಂತೆ ಎಂದು ಧರ್ಮೋಪದೇಶ ಬಿಡಿಸಿ ಹೇಳಿದೆ.

ಹಾಸಿಗೆಯ ಬಳಿ ಗುರುವಿನ ಕೆಲಸ

ಈ ವಿಮರ್ಶೆ ಒಂದು ಕ್ರಮಬದಲಾವಣೆಯನ್ನು ಕೋರುತ್ತದೆ: ಪತ್ರವನ್ನು ಏಳನೆಯ ಅಧ್ಯಾಯದಿಂದ ಓದಲು ಆರಂಭಿಸೋಣ. ಸಮಾರ್ಯನು ಮೊದಲು ನಿಂತನು. ಹಾಗೆ ನಿಲ್ಲುವುದು ಕುತೂಹಲವಲ್ಲ, ತನ್ನನ್ನು ಒಡ್ಡಿಕೊಳ್ಳುವುದು ಎಂದು ಪತ್ರವೇ ಹೇಳುತ್ತದೆ.

ಗುರು ನಿಂತು ಮಾಡಬೇಕಾದ ಮೊದಲ ಕೆಲಸ ಕೇಳುವುದು. ‘ಸಾಕಾಗಿದೆ’, ‘ಭಾರವಾಗಿದ್ದೇನೆ’, ‘ದೇವರು ಕರೆದುಕೊಳ್ಳಬಾರದೇ’ ಎಂಬ ಮಾತುಗಳನ್ನು ರೂಢಿಯ ಮಾತೆಂದು ದಾಟಿಹೋಗಬಾರದು. ಮನೆಯವರನ್ನು ಸ್ವಲ್ಪ ಹೊತ್ತು ಹೊರಗಿರಲು ಕೋರಿ, ನೇರವಾದ ಮಾತಿನಲ್ಲಿ ಕೇಳಬೇಕು: ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ? ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಕೇಳಿಸಿಕೊಂಡವರಿಗೆ ಹಗುರಾಗುವುದೇ ಹೆಚ್ಚು. ‘ಹೌದು’ ಎಂದರೆ ಗಾಬರಿಯಾಗದೆ, ಗದರದೆ, ಪೂರ್ತಿ ಕೇಳಿಸಿಕೊಳ್ಳಬೇಕು. ಅವರನ್ನು ಒಂಟಿಯಾಗಿ ಬಿಡದಂತೆ, ಅಪಾಯದ ವಸ್ತುಗಳು ಕೈಗೆ ಸಿಗದಂತೆ ಏರ್ಪಾಡು ಮಾಡಿ, ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿ ಉಚಿತ ಸಲಹೆ ದೊರೆಯುತ್ತದೆ. ಆ ಸಂಖ್ಯೆ ನಮ್ಮ ಮೊಬೈಲಿನಲ್ಲಿರಲಿ.

ಪಾಪನಿವೇದನೆಯಲ್ಲಿ ಈ ಮಾತು ಬಂದರೆ ಗೌಪ್ಯದ ಮುದ್ರೆ ಅಖಂಡವಾದುದು, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಸಂಸ್ಕಾರದ ಹೊರಗೆ ಇದನ್ನೇ ನನ್ನೊಡನೆ ಮತ್ತೊಮ್ಮೆ ಮಾತಾಡುವಿರಾ, ವೈದ್ಯರಿಗೆ ಹೇಳಲು ನಾನು ಜೊತೆಗಿರಲೇ ಎಂದು ಅಲ್ಲಿಯೇ ಪ್ರೀತಿಯಿಂದ ಕೋರಬಹುದು, ಕೋರಲೇಬೇಕು. ಇದನ್ನು ಗುರುಮಠದಲ್ಲಿಯೇ ಅಭ್ಯಾಸ ಮಾಡಿಸಬೇಕು.

ಎರಡನೆಯದು, ಬೇಗ ಹೋಗುವುದು. ರೋಗವಿದೆಯೆಂದು ತಿಳಿದ ವಾರದಲ್ಲೇ ಗುರುವೋ ಧರ್ಮಕೇಂದ್ರದ ಒಬ್ಬರೋ ಆ ಮನೆಯ ಬಾಗಿಲಲ್ಲಿರಬೇಕು. ಅಭ್ಯಂಗ ಸಂಸ್ಕಾರವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ನೀಡಬೇಕು. ಮೂರನೆಯದು, ಮತ್ತೆ ಹೋಗುವುದು. 26ನೆಯ ವಿಭಾಗ ಹೇಳುವ ಒಳಗಿನ ಸಂವಾದಕ್ಕೆ ಕಾಲ ಬೇಕು. ಆ ಕಾಲವನ್ನು ರೋಗಿಗೆ ಉಳಿಸಿಕೊಡುವುದೇ ಆತ್ಮಹತ್ಯೆಯನ್ನು ತಡೆಯುವುದರ ದೈವಶಾಸ್ತ್ರೀಯ ಅರ್ಥ ಎಂದು ನನಗನಿಸುತ್ತದೆ.

ಎಲ್ಲ ಮಾಡಿದರೂ ಕೆಲವರನ್ನು ಕಳೆದುಕೊಳ್ಳುತ್ತೇವೆ. ಆಗ ಆ ಕುಟುಂಬಕ್ಕೆ ನಮ್ಮಿಂದ ಎರಡನೆಯ ಗಾಯವಾಗಬಾರದು. 1917ರ ಸಂಹಿತೆ ಪ್ರಜ್ಞಾಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿದೆ. ತೀವ್ರ ಮಾನಸಿಕ ಕ್ಷೋಭೆ, ಯಾತನೆಯ ಭಯ ಹೊಣೆಗಾರಿಕೆಯನ್ನು ತಗ್ಗಿಸುತ್ತವೆಂದೂ, ಅವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಧರ್ಮೋಪದೇಶ ಬೋಧಿಸುತ್ತದೆ. ದೇಶದ ಕಾನೂನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಮೂಲಕ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಭಾವಿಸಿ ಆರೈಕೆ ನೀಡುವಂತೆ ವಿಧಿಸಿದೆ. ಆದರೂ ಇಂಥ ಮರಣದ ಪೂಜೆಯನ್ನು ಗುಟ್ಟಾಗಿ, ಗಂಟೆ ಬಾರಿಸದೆ ಮುಗಿಸುವ ಪದ್ಧತಿ ಕೆಲವೆಡೆ ಉಳಿದಿದೆ. ಅದು ನಿಲ್ಲಬೇಕು.

‘ಸಾಲ್ವಿಫಿಚಿ ದೊಲೋರಿಸ್’ ತನ್ನ 30ನೆಯ ವಿಭಾಗದಲ್ಲಿ ಎರಡು ಪಾಠಗಳನ್ನು ಒಟ್ಟಿಗೆ ಹಿಡಿಯುತ್ತದೆ: ತನ್ನ ನೋವಿನಿಂದ ಒಳಿತು ಮಾಡುವುದು, ನೋಯುವವನಿಗೆ ಒಳಿತು ಮಾಡುವುದು. ಮೊದಲನೆಯದು ರೋಗಿಯ ಬಾಯಿಂದ ಬರಬೇಕಾದ ಮಾತು, ಎರಡನೆಯದು ನಮ್ಮ ಕೈಗೆ ಬಂದಿರುವ ಕೆಲಸ. ನಾವು ಮೊದಲನೆಯದನ್ನು ಬೋಧಿಸುತ್ತ ಎರಡನೆಯದನ್ನು ದಾದಿಯರಿಗೆ ಬಿಟ್ಟಿದ್ದೇವೆ. ಆ ಗೃಹಸ್ಥರು ತಮ್ಮ ಕೊನೆಯ ವಾರದಲ್ಲಿ, ನಾನೇನೂ ಕೇಳದಿರುವಾಗ, ಸೀಳಿದ ಧ್ವನಿಯಲ್ಲಿ, “ಇವತ್ತಿನ ನೋವು ನಿಮ್ಮ ಹುಡುಗರಿಗಾಗಿ ಫಾದರ್” ಎಂದಿದ್ದರು; ಗುರುಮಠದ ಅಭ್ಯರ್ಥಿಗಳನ್ನು ಉದ್ದೇಶಿಸಿ. ಆ ಮಾತಿಗೆ ನಾನು ‘ಆಮೆನ್’ ಎಂದೆ.